ಪಹಣಿ ಕೌಂಟರಿನ ಎರಡನೆಯ ಪರದೆ

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿನಿಂದ ತೆಗೆದುಕೊಡಲು 2001ರ ಸುಮಾರಿಗೆ ಕರ್ನಾಟಕದ ತಾಲ್ಲೂಕು ಕಚೇರಿಗಳಲ್ಲಿ ಒಂದೊಂದಾಗಿ ಆರಂಭವಾದ ‘ಭೂಮಿ’ ಯೋಜನೆಯ ಕೇಂದ್ರಗಳಲ್ಲಿ ಒಂದು ಸಣ್ಣ ಏರ್ಪಾಡು ಇತ್ತು. ಕಂಪ್ಯೂಟರಿನ ಮುಂದೆ ಕುಳಿತ ನೌಕರರಿಗೆ ಒಂದು ಪರದೆಯಿದ್ದರೆ, ಕೌಂಟರಿನ ಈಚೆ ನಿಂತ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯೂ ಇತ್ತು. ಯಾವ ಸರ್ವೆ ನಂಬರು ತೆರೆದಿದೆ, ಅದರಲ್ಲಿ ಯಾರ ಹೆಸರು ಬಂದಿದೆ, ಎಷ್ಟು ಎಕರೆ ಎಷ್ಟು ಗುಂಟೆ ಎಂದು ತೋರಿಸುತ್ತಿದೆ ಎಂಬುದನ್ನು ರೈತ ನಿಂತಲ್ಲಿಂದಲೇ ನೋಡಬಹುದಿತ್ತು. ಜನರು ಬಳಸುವ ಸೇವೆಗಳನ್ನು ಉತ್ತಮಗೊಳಿಸುವ ಬಗ್ಗೆ, ಅದಕ್ಕಾಗಿ ಬಳಸುವವರನ್ನು ಅರಿತು ಪರಿಹಾರ ರೂಪಿಸುವ ಡಿಸೈನ್ ಥಿಂಕಿಂಗ್ ಎಂಬ ಪದ್ಧತಿಯನ್ನು ಅನುಸರಿಸುವ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಎರಡನೆಯ ಪರದೆ. ಅದಕ್ಕೆ ಹೊಸ ತಂತ್ರಜ್ಞಾನ ಬೇಕಿರಲಿಲ್ಲ, ದೊಡ್ಡ ಖರ್ಚೂ ಇರಲಿಲ್ಲ. ತನ್ನದೇ ಜಮೀನಿನ ದಾಖಲೆ ತನ್ನ ಕಣ್ಣಿಗೆ ಬೀಳದ ಜಾಗದಲ್ಲಿ, ಇನ್ನೊಬ್ಬರ ಕೈಬರಹದಲ್ಲಿ, ಇನ್ನೊಬ್ಬರ ಸುಪರ್ದಿಯಲ್ಲಿ ಇದೆ ಎಂಬ ಆತಂಕದಿಂದ ಬಂದು ನಿಂತವನ ಮನಸ್ಸನ್ನು ಯಾರೋ ಅರಿತಿದ್ದರು ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು.

ಬೇಸಾಯದ ಮನೆಗಳಿಂದ ಬಂದವರಿಗೆ ಈ ದಾಖಲೆಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಹಳೆ ಮೈಸೂರು ಕಡೆಯವರು ಪಹಣಿ ಎಂದೂ ಉತ್ತರ ಕರ್ನಾಟಕದವರು ಉತಾರ ಎಂದೂ ಕರೆಯುವ ಈ ಹಾಳೆ ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ವಿವರಗಳನ್ನು ಹೊತ್ತಿರುತ್ತದೆ. ಬೆಳೆಸಾಲ ತೆಗೆಯಲು, ಅಣ್ಣತಮ್ಮಂದಿರು ಪಾಲಾಗಲು, ಕೋರ್ಟಿನಲ್ಲಿ ಯಾರಿಗಾದರೂ ಜಾಮೀನು ನಿಲ್ಲಲು, ಬೆಳೆ ಪರಿಹಾರ ಪಡೆಯಲು ಇದು ಬೇಕೇ ಬೇಕು. ಭೂಮಿ ಯೋಜನೆಗೆ ಮುಂಚೆ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರು ಇದನ್ನು ಕೈಯಿಂದ ಬರೆದು ನಿರ್ವಹಿಸುತ್ತಿದ್ದರು. ಒಬ್ಬೊಬ್ಬರಿಗೂ ಮೂರು ನಾಲ್ಕು ಹಳ್ಳಿಗಳ ಹೊಣೆ ಇರುತ್ತಿದ್ದುದರಿಂದ, ಲೆಕ್ಕಿಗರು ಇವತ್ತು ಯಾವ ಊರಿನಲ್ಲಿದ್ದಾರೆ ಎಂದು ವಿಚಾರಿಸಿಕೊಂಡು ಅವರನ್ನು ಹುಡುಕಿ ಹೋಗುವುದೇ ರೈತನ ಮೊದಲ ಕೆಲಸವಾಗುತ್ತಿತ್ತು. ನಕಲು ಕೈಗೆ ಬರಲು 3ರಿಂದ 30 ದಿನಗಳವರೆಗೆ ಹಿಡಿಯುತ್ತಿತ್ತೆಂದೂ, ಅದಕ್ಕಾಗಿ ಕೊಡಬೇಕಾಗುತ್ತಿದ್ದ ಲಂಚ 100ರಿಂದ 2,000 ರೂಪಾಯಿಗಳವರೆಗೆ ಇರುತ್ತಿತ್ತೆಂದೂ ವಿಶ್ವಬ್ಯಾಂಕಿಗಾಗಿ ಸಿದ್ಧವಾದ ವರದಿಯೊಂದು ದಾಖಲಿಸಿದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಭೂದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸುವ ಪ್ರಯತ್ನ ಭೂಮಿ ಯೋಜನೆಯಿಂದ ಶುರುವಾದದ್ದಲ್ಲ. 1991ರಲ್ಲೇ ಪ್ರಾಯೋಗಿಕ ಯೋಜನೆಯೊಂದು ನಡೆದಿತ್ತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆತಿತ್ತು. ಆದರೆ ದಾಖಲೆಗಳು ದಿನನಿತ್ಯ ಬದಲಾಗುವ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಇಡುವ ಏರ್ಪಾಡು ಆ ಯೋಜನೆಯಲ್ಲಿ ಇರಲಿಲ್ಲ. ಹೀಗಾಗಿ ಒಮ್ಮೆ ಕಷ್ಟಪಟ್ಟು ತುಂಬಿಸಿದ ಮಾಹಿತಿ, ಹಳ್ಳಿಯಲ್ಲಿ ಒಂದು ಕ್ರಯವೋ ಒಂದು ವಿಭಾಗವೋ ನಡೆದ ಮರುದಿನವೇ ಹಳತಾಗುತ್ತಿತ್ತು. ಮಾಹಿತಿಯನ್ನು ಸಂಗ್ರಹಿಸುವುದು ಹೇಗೆಂದು ಯೋಚಿಸಿದ್ದರೇ ಹೊರತು, ಆ ಮಾಹಿತಿಯನ್ನು ಕೇಳಿಕೊಂಡು ಬರುವ ಮನುಷ್ಯ ಎಲ್ಲಿಗೆ ಬರುತ್ತಾನೆಂದು ಯೋಚಿಸಿರಲಿಲ್ಲ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಭೂಮಿ ಯೋಜನೆ ರೂಪುಗೊಂಡಾಗ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು 177 ತಾಲ್ಲೂಕುಗಳ ಕೇಂದ್ರಗಳಿಗೆ ಬಂದವು. 15 ರೂಪಾಯಿ ಕಟ್ಟಿದರೆ ಅಲ್ಲೇ ಮುದ್ರಿತ ಪಹಣಿ ಸಿಗುವಂತಾಯಿತು. ತಂತ್ರಾಂಶಕ್ಕಿಂತ ಮಿಗಿಲಾಗಿ ಈ ಸ್ಥಳದ ಆಯ್ಕೆಯೇ ಯೋಜನೆಯನ್ನು ಉಳಿಸಿತೆಂದು ನಾನು ನಂಬಿದ್ದೇನೆ.

ಡಿಸೈನ್ ಥಿಂಕಿಂಗ್ ಎಂಬುದು ಈಗ ಕಾರ್ಯಾಗಾರಗಳಲ್ಲಿ, ಕಂಪನಿಗಳ ತರಬೇತಿಗಳಲ್ಲಿ ಬಹಳ ಬಳಕೆಯಾಗುತ್ತಿರುವ ಮಾತು. ಜನರನ್ನು ಹತ್ತಿರದಿಂದ ಅರಿಯುವುದು, ಸಮಸ್ಯೆಯನ್ನು ಸರಿಯಾಗಿ ನಿರೂಪಿಸುವುದು, ಹಲವು ಪರಿಹಾರಗಳನ್ನು ಕಲ್ಪಿಸಿಕೊಳ್ಳುವುದು, ಅಗ್ಗದ ಮಾದರಿಗಳನ್ನು ಮಾಡುವುದು, ಅವನ್ನು ಜನರ ಕೈಗಿತ್ತು ಪರೀಕ್ಷಿಸುವುದು ಎಂಬ ಐದು ಹಂತಗಳ ರೂಪದಲ್ಲಿ ಅದನ್ನು ಪ್ರಸಿದ್ಧಿಗೆ ತಂದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿನ್ಯಾಸ ಕಲಿಸುವ ಡಿ.ಸ್ಕೂಲ್. ಆದರೆ ಈ ನೋಟ ನಮ್ಮ ದೇಶಕ್ಕೆ ಇತ್ತೀಚೆಗೆ ಬಂದದ್ದೇನಲ್ಲ. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದಿದ್ದ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಒಪ್ಪಿಸಿದ ವರದಿಯಲ್ಲಿ ನಮ್ಮ ಮನೆಗಳ ಸಾಮಾನ್ಯ ತಂಬಿಗೆಯ ಬಗ್ಗೆ ಬರೆದ ಪುಟಗಳಿವೆ. ಅದನ್ನು ತಲೆಯ ಮೇಲೆ ಹೊರುತ್ತಾರೋ ಸೊಂಟದಲ್ಲಿಟ್ಟುಕೊಳ್ಳುತ್ತಾರೋ, ತುಂಬಿದಾಗ ಅದರ ತೂಕ ಹೇಗೆ ಕೂಡುತ್ತದೆ, ನೀರು ಹೇಗೆ ಸುರಿಯುತ್ತದೆ, ಒಳಗೆ ಕೈ ಹಾಕಿ ತೊಳೆಯಲು ಬರುತ್ತದೆಯೇ, ಅಂಗೈಗೆ ಅದರ ಸ್ಪರ್ಶ ಹೇಗಿರುತ್ತದೆ ಎಂಬಂಥ ಪ್ರಶ್ನೆಗಳನ್ನು ಅವರು ಸಾಲಾಗಿ ಕೇಳುತ್ತಾ ಹೋಗುತ್ತಾರೆ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಐದು ಹಂತಗಳ ಚಿತ್ರಪಟಕ್ಕಿಂತ ಆ ತಂಬಿಗೆಯ ಪ್ರಶ್ನೆಗಳು ಸೇವೆಯನ್ನು ರೂಪಿಸುವವರಿಗೆ ಹೆಚ್ಚು ಕಲಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಹಂತಗಳಲ್ಲಿ ಕೊನೆಯದಾದ ಪರೀಕ್ಷೆಯನ್ನು ಮಾತ್ರ ನಾನು ಎಂದೂ ಕಡೆಗಣಿಸಲಾರೆ. ಅದಕ್ಕೆ ಬೆಂಗಳೂರಿಗೂ ಸಂಬಂಧವಿರುವ ಒಂದು ಉದಾಹರಣೆ ಕೊಡುತ್ತೇನೆ. 2007ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ತಂಡವೊಂದಕ್ಕೆ ಅಗ್ಗದ ಇನ್‌ಕ್ಯುಬೇಟರ್, ಎಂದರೆ ನವಜಾತ ಶಿಶುಗಳನ್ನು ಬೆಚ್ಚಗಿಡುವ ಯಂತ್ರ, ರೂಪಿಸುವ ಕೆಲಸ ಸಿಕ್ಕಿತು. ನೇಪಾಳಕ್ಕೆ ಹೋಗಿ ನೋಡಿದಾಗ, ದಾನವಾಗಿ ಬಂದ ಇನ್‌ಕ್ಯುಬೇಟರುಗಳು ಆಸ್ಪತ್ರೆಯಲ್ಲಿ ಸುಮ್ಮನೆ ಬಿದ್ದಿದ್ದವು. ತೂಕ ಕಡಿಮೆಯಿದ್ದ ಶಿಶುಗಳು ಆಸ್ಪತ್ರೆಯಿಂದ ದೂರದ ಹಳ್ಳಿಗಳಲ್ಲಿ ಸಾಯುತ್ತಿದ್ದವು. ಆಸ್ಪತ್ರೆಯ ಯಂತ್ರವನ್ನು ಅಗ್ಗಗೊಳಿಸುವ ಪ್ರಶ್ನೆ ಅಲ್ಲಿಗೆ ಬಿದ್ದುಹೋಗಿ, ವಿದ್ಯುತ್ತಿಲ್ಲದ ಮನೆಯಲ್ಲಿ ತಾಯಿಯೊಬ್ಬಳು ಮಗುವನ್ನು ಬೆಚ್ಚಗಿಡುವುದು ಹೇಗೆಂಬ ಪ್ರಶ್ನೆ ಎದ್ದು ನಿಂತಿತು. ಅದರಿಂದ ಹುಟ್ಟಿದ ಎಂಬ್ರೇಸ್ ಎಂಬ ಬೆಚ್ಚನೆಯ ಚೀಲವನ್ನು ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಆ ತಂಡ ಭಾರತದ ತಾಯಂದಿರಿಗೆ ತೋರಿಸಿದಾಗ ಇನ್ನೊಂದು ವಿಷಯ ಹೊರಬಿತ್ತು. ಇಂಗ್ಲಿಷ್ ಔಷಧಿಯ ಶಕ್ತಿ ಮಗುವಿಗೆ ಅತಿಯಾದೀತೆಂದು ಹೆದರಿ, ಚೀಲವನ್ನು 37 ಡಿಗ್ರಿಗೆ ಬಿಸಿಮಾಡಿ ಎಂದು ಹೇಳಿದರೆ ತಾನು 30ಕ್ಕೇ ನಿಲ್ಲಿಸುತ್ತೇನೆಂದು ಒಬ್ಬ ತಾಯಿ ಹೇಳಿದಳು. ತಂಡ ಅಂಕಿಯನ್ನೇ ತೆಗೆದುಹಾಕಿ, ಸರಿಯಿದೆ ಅಥವಾ ಸರಿಯಿಲ್ಲ ಎಂದಷ್ಟೇ ತಿಳಿಸುವ ಸೂಚಕವನ್ನು ಇಟ್ಟಿತು. ಆ ತಾಯಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಬುದ್ಧಿಯಲ್ಲೂ ಇರಲಿಲ್ಲ. ಅವಳಿಗೆ ಅವಳದೇ ಆದ ಕಾರಣವಿತ್ತು. ಪ್ರಯೋಗಾಲಯದಲ್ಲಿ ಕುಳಿತವರಿಗೆ ಅದು ಎಷ್ಟು ಕಾಲವಾದರೂ ಹೊಳೆಯುತ್ತಿರಲಿಲ್ಲ.

ಚೀಲವಾದರೆ ಕೈಯಲ್ಲಿ ಹಿಡಿದು ನೋಡಬಹುದು. ಸೇವೆಗೆ ಅಂಥ ಆಕಾರವಿಲ್ಲ. ಅದು ಮನೆಯಿಂದ ಹೊರಟ ಕ್ಷಣದಿಂದ ಶುರುವಾಗಿ, ಕೆಲಸ ಪೂರೈಸಿ ಮನೆಗೆ ಬರುವವರೆಗೆ, ಕೆಲವು ಸಲ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಕೌಂಟರಿನ ಮುಂದೆ ಕಳೆಯುವ ಹತ್ತು ನಿಮಿಷ ಅದರ ಒಂದು ತುಣುಕು ಮಾತ್ರ. ಯಾವುದಾದರೂ ತಾಲ್ಲೂಕು ಕಚೇರಿಯ ಹೊರಗೆ ಒಂದು ಬೆಳಿಗ್ಗೆ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಹಳ್ಳಿಯಿಂದ ಬಸ್ಸಿಳಿದು ಬಂದ ವಯಸ್ಸಾದವರು ನೇರವಾಗಿ ಕಚೇರಿಯೊಳಗೆ ಹೋಗುವುದಿಲ್ಲ. ಎದುರಿನ ಜೆರಾಕ್ಸ್ ಅಂಗಡಿಗೋ, ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರ ಬಳಿಗೋ ಹೋಗುತ್ತಾರೆ. ‘ಯಾವ ಕೆಲ್ಸಕ್ಕೆ ಬಂದೀರಿ ಯಜಮಾನ್ರೆ? ಆಧಾರ್ ತಂದೀರೇನು? ಸರ್ವೆ ನಂಬರ್ ಗೊತ್ತೈತೇನ್ರಿ?’ ಎಂದು ಅಂಗಡಿಯವನು ಕೇಳುವ ಮೂರು ಪ್ರಶ್ನೆಗಳಲ್ಲಿ ಅವರ ಅರ್ಧ ಗೊಂದಲ ಕಳೆಯುತ್ತದೆ. ಯಾವ ಕೆಲಸಕ್ಕೆ ಯಾವ ಕಾಗದ, ಯಾವ ಸಾಹೇಬರು ಯಾವ ವಾರ ಸಿಗುತ್ತಾರೆ, ಸರ್ವರ್ ಇವತ್ತು ನಡೆಯುತ್ತಿದೆಯೇ ಎಂಬುದೆಲ್ಲ ಅವನಿಗೆ ಗೊತ್ತು. ಕಚೇರಿಯ ನಿಜವಾದ ವಿಚಾರಣಾ ಕೇಂದ್ರ ಕಚೇರಿಯ ಹೊರಗಿದೆ, ಅದಕ್ಕೆ ಜನರೇ ಶುಲ್ಕ ಕೊಡುತ್ತಿದ್ದಾರೆ. ಸೇವೆಯನ್ನು ಸುಧಾರಿಸಬೇಕೆಂದು ಹೊರಟ ಅಧಿಕಾರಿಯೊಬ್ಬರು ಆ ಅಂಗಡಿಯ ಬೆಂಚಿನ ಮೇಲೆ ಒಂದು ವಾರ ಕುಳಿತು ಜನರು ಕೇಳುವ ಪ್ರಶ್ನೆಗಳನ್ನು ಬರೆದುಕೊಂಡರೆ, ಸಲಹಾ ಸಂಸ್ಥೆಗಳ ದಪ್ಪನೆಯ ವರದಿಗಳಿಗಿಂತ ಹೆಚ್ಚಿನ ಉಪಯೋಗವಾಗುತ್ತದೆ.

ಪಹಣಿಯ ಹಾಳೆಯನ್ನೇ ನೋಡಿ. ಅದರಲ್ಲಿ ಕಾಲಂಗಳು ಅನೇಕ. ಆದರೆ ಕೈಗೆ ಬಂದೊಡನೆ ರೈತ ನೋಡುವುದು ಮುಖ್ಯವಾಗಿ ಎರಡನ್ನು. 9ನೇ ಕಾಲಂನಲ್ಲಿ ತನ್ನ ಹೆಸರು, ತಂದೆಯ ಹೆಸರು, ವಿಸ್ತೀರ್ಣ ಸರಿಯಾಗಿವೆಯೇ ಎಂದು. 11ನೇ ಕಾಲಂನಲ್ಲಿ ತೀರಿಸಿದ ಸಾಲದ ಬೋಜಾ, ಎಂದರೆ ಜಮೀನಿನ ಮೇಲೆ ಸಾಲವಿದೆ ಎಂಬ ನಮೂದು, ಇನ್ನೂ ಹಾಗೆಯೇ ಕುಳಿತಿದೆಯೇ ಎಂದು. ಬ್ಯಾಂಕಿನ ಸಾಲ ಚುಕ್ತಾ ಆಗಿ ವರ್ಷಗಳಾದರೂ ಬೋಜಾ ಇಳಿಯದೆ, ಹೊಸ ಸಾಲ ಹುಟ್ಟದೆ ಓಡಾಡಿದ ಮನೆಗಳು ಪ್ರತಿ ಊರಿನಲ್ಲೂ ಇವೆ. ಓದಲು ಬಾರದವರಿಗೆ ಈ ಎರಡು ಸಂಗತಿಗಳನ್ನು ಕೌಂಟರಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯೊಂದನ್ನು ತಂದರೆ ಸಾಕು, ಎರಡನೆಯ ಪರದೆಯ ಉದ್ದೇಶ ಅವರಿಗೂ ಈಡೇರುತ್ತದೆ. ಪರದೆ ಓದುಬಲ್ಲವನಿಗೆ ಮಾತ್ರ ಕನ್ನಡಿ.

ಹಕ್ಕು ಬದಲಾವಣೆಯ ವಿಷಯದಲ್ಲಿ, ಎಂದರೆ ಮ್ಯುಟೇಶನ್ ವಿಷಯದಲ್ಲಿ ಭೂಮಿ ತಂದ ನಿಯಮವೊಂದು ನನ್ನ ದೃಷ್ಟಿಯಲ್ಲಿ ಎರಡನೆಯ ಪರದೆಯಷ್ಟೇ ಮುಖ್ಯ. ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡಬಾರದು ಎಂಬುದೇ ಆ ನಿಯಮ. ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಪ್ರವೇಶಿಸಬೇಕಿದ್ದರಿಂದ ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬುದು ದಾಖಲಾಗುತ್ತಿತ್ತು. ಸರದಿ ಎಂಬುದು ನಮ್ಮ ಕಚೇರಿಗಳಲ್ಲಿ ಬಡವರ ಪಾಲಿನ ದೊಡ್ಡ ಆಸರೆ. ಪ್ರಭಾವ ಇರುವವರಿಗೆ ಅದರ ಅಗತ್ಯವೇ ಇರುವುದಿಲ್ಲ.

ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೊಡಬೇಕೆನ್ನುವ ಸಕಾಲ ಯೋಜನೆಯಲ್ಲಿ ಇದೇ ಆಲೋಚನೆ ಮುಂದಿನ ಹೆಜ್ಜೆ ಇಟ್ಟಿತು. ಅದಕ್ಕಾಗಿ ಬಂದ 2011ರ ಕಾಯ್ದೆಯನ್ನು ರಾಜ್ಯಕ್ಕೆಲ್ಲ ಒಂದೇ ಸಲ ಅನ್ವಯಿಸುವ ಬದಲು, 2012ರ ಮಾರ್ಚಿನಲ್ಲಿ ಔರಾದ್, ಧಾರವಾಡ, ಚಿತ್ರದುರ್ಗ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಮೊದಲು ನಡೆಸಿ ನೋಡಿದರು. ಒಂದಕ್ಕೊಂದು ಭಾಷೆಯ ಬನಿಯಲ್ಲೂ ಬೇಸಾಯದಲ್ಲೂ ಸಾಕ್ಷರತೆಯಲ್ಲೂ ಹೋಲದ ನಾಲ್ಕು ಊರುಗಳನ್ನು ಆರಿಸಿಕೊಂಡದ್ದು ಮೆಚ್ಚತಕ್ಕ ಕ್ರಮ. ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳೊಂದಿಗೆ ಅದು ರಾಜ್ಯವ್ಯಾಪಿಯಾಯಿತು. ಅರ್ಜಿ ಕೊಟ್ಟವರಿಗೆ ಜಿಎಸ್‌ಸಿ ಎಂಬ ಅರ್ಜಿ ಸಂಖ್ಯೆಯಿರುವ ಸ್ವೀಕೃತಿ ಸಿಗುತ್ತದೆ, ಕೆಲಸ ಮುಗಿಯಬೇಕಾದ ದಿನ ಅದರಲ್ಲೇ ಇರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಆ ಹಣ ಚಿಕ್ಕದು, ಅದನ್ನು ಕೇಳುವವರು ಇನ್ನೂ ಕಡಿಮೆ. ಏಕೆಂದರೆ ನಾಳೆ ಮತ್ತೆ ಅದೇ ಮೇಜಿಗೆ ಹೋಗಬೇಕಾದವರು ಇವತ್ತು ಆ ಮೇಜಿನ ಮೇಲೆ ದೂರು ಕೊಡಲು ಹಿಂಜರಿಯುತ್ತಾರೆ. ಪರಿಹಾರ ಕೇಳದೆಯೇ ತಾನಾಗಿ ಬರುವಂತೆ ಮಾಡುವುದು ಈ ಹಿಂಜರಿಕೆಯನ್ನು ಅರಿತವರು ಮಾಡಬೇಕಾದ ತಿದ್ದುಪಡಿ. ಬರೆದುಕೊಟ್ಟ ದಿನಾಂಕದ ಬೆಲೆ ಮಾತ್ರ ನಿಜವಾಗಿ ದೊಡ್ಡದು. ಬರುವ ಸೋಮವಾರ ಬರಲೋ ಬೇಡವೋ ಎಂದು ತಿಳಿಯದೆ ಒಂದು ದಿನದ ಕೂಲಿ ಕಳೆದುಕೊಂಡು ಬಸ್ಸು ಹತ್ತುವವರಿಗೆ ಅದು ಗೊತ್ತು.

ಇಷ್ಟು ಹೇಳಿದ ಮೇಲೆ ಭೂಮಿ ಯೋಜನೆಯ ಬಗ್ಗೆ ಬಂದ ಕಟುವಾದ ಟೀಕೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ, ಬೆಂಗಳೂರಿನ ಸುತ್ತಮುತ್ತ ಈ ಗಣಕೀಕರಣದಿಂದ ದೊಡ್ಡ ಭೂವ್ಯವಹಾರಸ್ಥರಿಗೆ ಹೆಚ್ಚು ಅನುಕೂಲವಾಯಿತೆಂದು ವಾದಿಸಿತು. ಹಳ್ಳಿಯ ಮಟ್ಟದಲ್ಲಿದ್ದ ಅಧಿಕಾರ ಮೇಲಿನ ಕಚೇರಿಗಳಿಗೆ ಸರಿದಾಗ ಸಣ್ಣ ರೈತನಿಗೆ ಪರಿಚಯದ ಮುಖ ಇಲ್ಲವಾಯಿತು, ಭ್ರಷ್ಟಾಚಾರ ನಿಲ್ಲುವ ಬದಲು ಬೆಳೆಯಿತು ಎಂಬುದು ಅವರ ವಾದದ ತಿರುಳು. ಆ ವಾದದ ಎಲ್ಲ ಭಾಗಗಳನ್ನೂ ನಾನು ಒಪ್ಪುವುದಿಲ್ಲ. ಕೈಬರಹದ ಕಾಲದ ಗ್ರಾಮ ಲೆಕ್ಕಿಗರ ವ್ಯವಸ್ಥೆಯನ್ನು ಅದು ಸ್ವಲ್ಪ ಮೃದುವಾಗಿ ನೋಡುತ್ತದೆ ಎನ್ನಿಸುತ್ತದೆ. ಆದರೆ ಅದು ಎತ್ತಿದ ಪ್ರಶ್ನೆಯನ್ನು ಡಿಸೈನ್ ಥಿಂಕಿಂಗ್ ಕಲಿಸುವವರು ಬಹುಮಟ್ಟಿಗೆ ಎತ್ತುವುದೇ ಇಲ್ಲ. ಬಳಕೆದಾರರು ಎಂದು ಒಟ್ಟಾಗಿ ಕರೆದುಬಿಟ್ಟರೆ, ಎರಡು ಎಕರೆಯ ಒಣಭೂಮಿಯವನೂ ಇನ್ನೂರು ಎಕರೆಯ ಬಡಾವಣೆ ಮಾಡಲು ಹೊರಟವನೂ ಒಂದೇ ಪದದೊಳಗೆ ಸೇರಿಬಿಡುತ್ತಾರೆ. ದಾಖಲೆ ಎಲ್ಲರಿಗೂ ಸುಲಭವಾಗಿ ಸಿಕ್ಕಿದಾಗ ಅದನ್ನು ಬಳಸುವ ಶಕ್ತಿ ಇರುವವನಿಗೆ ಅದು ಹೆಚ್ಚು ಸಿಕ್ಕಂತಾಗುತ್ತದೆ. ಆದ್ದರಿಂದ ಸೇವೆಯೊಂದನ್ನು ಯಾರ ಜೊತೆ ಕುಳಿತು ರೂಪಿಸಬೇಕೆಂದು ಮೊದಲೇ ನಿರ್ಧರಿಸಬೇಕು, ಮತ್ತು ಆ ಆಯ್ಕೆಯಲ್ಲಿ ಅತ್ಯಂತ ಅಶಕ್ತರಾದವರ ಪಕ್ಷ ವಹಿಸಬೇಕು ಎಂಬುದು ನನ್ನ ನಿಲುವು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳುವುದಾದರೆ, ರೈತನಿಗೆ ಪಹಣಿಯ ನಕಲು ನಿಜವಾಗಿ ಬೇಕೇ? ಅವನಿಗೆ ಬೇಕಾದದ್ದು ಮುಂಗಾರಿಗೆ ಮುಂಚೆ ಸಾಲ. ನಕಲನ್ನು ಕೇಳುವುದು ಬ್ಯಾಂಕು. ಸರ್ಕಾರದ ಒಂದು ಕಚೇರಿಯಿಂದ ಕಾಗದ ಪಡೆದು ಇನ್ನೊಂದು ಸಂಸ್ಥೆಗೆ ಒಯ್ದುಕೊಡುವ ಕೆಲಸವನ್ನು ನಾವು ರೈತನ ಹೆಗಲಿಗೆ ಹಾಕಿ, ಆ ಓಡಾಟವನ್ನು ಚುರುಕುಗೊಳಿಸಿದ್ದನ್ನು ಸುಧಾರಣೆ ಎಂದು ಕರೆದೆವು. ಮುಂದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವನ್ನು ಭೂಮಿಗೆ ಜೋಡಿಸಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದೊಡನೆ ಅದರ ವಿವರ ಹಕ್ಕು ಬದಲಾವಣೆಗಾಗಿ ತಾನಾಗಿ ಕಂದಾಯ ಇಲಾಖೆಗೆ ಹೋಗುವಂತೆ ಮಾಡಿದ್ದು ಈ ದೃಷ್ಟಿಯಿಂದ ಬಹಳ ಒಳ್ಳೆಯ ಕೆಲಸ. ಕೊಂಡವನು ಮತ್ತೊಂದು ಅರ್ಜಿ ಹಿಡಿದು ಮತ್ತೊಂದು ಸಾಲಿನಲ್ಲಿ ನಿಲ್ಲುವ ಪ್ರಮೇಯ ತಪ್ಪಿತು. ಇಂಥ ಸುಧಾರಣೆ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಉದ್ಘಾಟನೆಯೂ ಇರುವುದಿಲ್ಲ.

ಆದರೆ ಕೊಂಡವನು ಹಣವಿದ್ದವನು, ಕಾಗದ ಬಲ್ಲವನು. ತಂದೆ ತೀರಿಕೊಂಡ ಮನೆಯ ಸ್ಥಿತಿ ಬೇರೆ. ಅಲ್ಲಿ ಯಾವ ಕ್ರಯಪತ್ರವೂ ಇಲ್ಲ. ಮರಣ ಪ್ರಮಾಣಪತ್ರ ಒಂದು ಕಡೆ, ವಂಶವೃಕ್ಷ ಇನ್ನೊಂದು ಕಡೆ ಮಾಡಿಸಿ, ಎಲ್ಲ ವಾರಸುದಾರರನ್ನು ಒಪ್ಪಿಸಿ ಪೌತಿ ಖಾತೆಗೆ, ಎಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಬೇಕು. ಬೇಸಾಯ ಹೇಗೂ ನಡೆಯುತ್ತಿರುತ್ತದೆ, ಊರಿಗೆಲ್ಲ ಜಮೀನು ಯಾರದೆಂದು ಗೊತ್ತಿರುತ್ತದೆ. ಹೀಗಾಗಿ ಒಂದೆರಡು ತಲೆಮಾರುಗಳವರೆಗೂ ಆ ಕೆಲಸ ಹಾಗೆಯೇ ಉಳಿಯುತ್ತದೆ. ಸಹಾಯಧನ ಬಂದಾಗ, ಬೆಳೆವಿಮೆ ಕಟ್ಟಲು ಹೋದಾಗ, ಜಮೀನು ಅಜ್ಜನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಮೊಮ್ಮಗ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ರಾಜ್ಯದಲ್ಲಿ ಲಕ್ಷಾಂತರ ಜಮೀನುಗಳು ಮೃತರ ಹೆಸರಿನಲ್ಲೇ ಇರುವುದು ಬೆಳಕಿಗೆ ಬಂದಿತು. ಕೌಂಟರಿಗೆ ಬಂದವರನ್ನಷ್ಟೇ ಗಮನಿಸುವ ಯಾವ ಅಧ್ಯಯನದಲ್ಲೂ ಈ ಮನೆಗಳು ಕಾಣಿಸಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅವರು ಕೌಂಟರಿಗೆ ಬಂದೇ ಇರಲಿಲ್ಲ.

ಬ್ರಿಟನ್ನಿನಲ್ಲಿ ‘ಟೆಲ್ ಅಸ್ ಒನ್ಸ್’ ಎಂಬ ಸೇವೆಯಿದೆ. ಮನೆಯಲ್ಲಿ ಸಾವು ಸಂಭವಿಸಿ ಅದನ್ನು ನೋಂದಾಯಿಸಿದವರು ಒಮ್ಮೆ ತಿಳಿಸಿದರೆ ಸಾಕು, ತೆರಿಗೆ, ಪಿಂಚಣಿ, ಪಾಸ್‌ಪೋರ್ಟ್, ಚಾಲನಾ ಪರವಾನಗಿಗಳ ಇಲಾಖೆಗಳಿಗೆಲ್ಲ ಆ ಸುದ್ದಿ ತಲುಪುತ್ತದೆ. ದುಃಖದಲ್ಲಿರುವವರಿಂದ ಒಂದೇ ಮಾತನ್ನು ಹತ್ತು ಕಡೆ ಹೇಳಿಸಬಾರದೆಂಬ ಕಾಳಜಿ ಅದರ ಹಿಂದಿದೆ. ನಮ್ಮಲ್ಲಿ ಮರಣಗಳು ಇ-ಜನ್ಮ ತಂತ್ರಾಂಶದಲ್ಲಿ ನೋಂದಣಿಯಾಗುತ್ತವೆ, ಜಮೀನು ಭೂಮಿಯಲ್ಲಿದೆ. ಈ ಎರಡರ ನಡುವೆ ಮಾತುಕತೆ ಸಹಜವಾಗಿ ನಡೆದರೆ, ಅರ್ಜಿಗೆ ಕಾಯದೆ ಕಂದಾಯ ಇಲಾಖೆಯೇ ಮೊದಲ ಹೆಜ್ಜೆ ಇಡಬಹುದು. ಇ-ಪೌತಿ ಆಂದೋಲನದಲ್ಲಿ ಗ್ರಾಮ ಆಡಳಿತ ಅಧಿಕಾರಿಗಳೇ ಮನೆಬಾಗಿಲಿಗೆ ಹೋಗುವ ಕ್ರಮ ಶುರುವಾಗಿರುವುದು ನನಗೆ ಬಹಳ ಸಂತೋಷ ಕೊಟ್ಟ ಬೆಳವಣಿಗೆ.

ಆದರೆ ಬಾಗಿಲಿಗೆ ಹೋದಾಗ ಅಲ್ಲಿ ಯಾರಿರುತ್ತಾರೆ ಎಂಬುದೂ ವಿನ್ಯಾಸದ ಪ್ರಶ್ನೆಯೇ. ಗಂಡುಮಕ್ಕಳಿರುತ್ತಾರೆ, ಮಾತೂ ಅವರೇ ಆಡುತ್ತಾರೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಅಲ್ಲಿರುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅವರಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದ್ದರೂ, ‘ಅಕ್ಕಂದಿರು ಏನೂ ಕೇಳುವುದಿಲ್ಲ ಬಿಡಿ ಸಾರ್’ ಎಂಬ ಒಂದು ಮಾತಿನಲ್ಲಿ ಆ ಅಧ್ಯಾಯ ಮುಗಿಯುವ ಸಾಧ್ಯತೆ ಹೆಚ್ಚು. ಗಂಡನನ್ನು ಕಳೆದುಕೊಂಡ ಹೆಂಗಸು ಒಳಗಿನ ಕೋಣೆಯಲ್ಲಿರುತ್ತಾಳೆ. ವಂಶವೃಕ್ಷದ ನಮೂನೆಯಲ್ಲಿ ಅವರ ಹೆಸರು ಬರೆಯುವುದೊಂದು, ಅವರನ್ನು ಕೇಳುವುದು ಇನ್ನೊಂದು. ಕೆಲವು ಹೋಬಳಿಗಳಲ್ಲಾದರೂ, ಪ್ರತಿ ವಾರಸುದಾರಳಿಗೂ ಅವಳದೇ ಫೋನಿಗೆ ಕರೆ ಮಾಡಿ ಅವಳ ಪಾಲಿನ ವಿವರವನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಅರ್ಜಿ ಮುಂದೆ ಸಾಗುವಂತೆ ಮಾಡಿ ನೋಡಬೇಕು. ಎಷ್ಟು ಜನ ಒಪ್ಪಿದರು, ಎಷ್ಟು ಜನ ತಮಗೆ ಪಾಲಿದೆ ಎಂಬುದನ್ನೇ ಮೊದಲ ಸಲ ಕೇಳಿದರು, ಆ ಕರೆಯಿಂದ ಮನೆಯೊಳಗೆ ಅವರಿಗೆ ತೊಂದರೆಯಾಯಿತೇ ಎಂಬುದನ್ನು ಕೆಲವು ತಿಂಗಳ ಬಳಿಕ ಮಹಿಳಾ ಸಿಬ್ಬಂದಿ ಹೋಗಿ ವಿಚಾರಿಸಿ ಬರೆದಿಡಬೇಕು. ಉಳಿದ ತಾಲ್ಲೂಕುಗಳಿಗೆ ಅದನ್ನು ಯಾವ ರೂಪದಲ್ಲಿ ಒಯ್ಯಬೇಕೆಂಬುದನ್ನು ಆ ಬರಹವನ್ನು ಓದಿದ ಮೇಲೆ ನಿರ್ಧರಿಸಬಹುದು.